ಕರುಣೆಯ ಗೊಂಬೆ, ಎಲುಬಿನ ಬೂದಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರ ಭೋಜನದ ಮೇಜನ್ನು ಪಿಂಗಾಣಿ ಗೊಂಬೆಗಳು ಅಲಂಕರಿಸುತ್ತಿದ್ದವು. ಋತುಗಳು, ಭೂಖಂಡಗಳು, ಸದ್ಗುಣಗಳು ಅವುಗಳಲ್ಲಿ ಮಾನವರೂಪ ತಾಳಿದ್ದವು. ಲಂಡನ್ನಿನ ಬೋ ಕಾರ್ಖಾನೆಯ ‘ಕರುಣೆ’ಯು ಮಕ್ಕಳೊಡನಿರುವ ತಾಯಿ. ಆದರೆ ಆ ಕಾರ್ಖಾನೆಯ ಮಣ್ಣಿನಲ್ಲಿ ಬೆರೆಯುತ್ತಿದ್ದುದು ಪ್ರಾಣಿಗಳ ಎಲುಬಿನ ಬೂದಿ! ಅಲ್ಲಿನ ಥಾಮಸ್ ಫ್ರೈ 1749ರಲ್ಲಿ ಪಡೆದ ಪೇಟೆಂಟು ಹೀಗೆ ಸುಟ್ಟು ಪಡೆದ ವಸ್ತುವನ್ನು ‘ಕನ್ಯಾಮೃತ್ತಿಕೆ’ ಎಂಬರ್ಥದ ಹೆಸರಿನಿಂದ ಕರೆಯಿತು. ಹೆಸರು ಶುದ್ಧವಾದರೆ ವಸ್ತು ಶುದ್ಧವಾಗುವುದೆ?

ಕುಶಲಕರ್ಮಿಯು ಕೊಂದವನಲ್ಲ, ಎಲುಬು ವಧೆಯ ಉಳಿಕೆ ಮಾತ್ರ ಎನ್ನಬಹುದು. ಆದರೆ ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಉಳಿಕೆಗೆ ಬೆಲೆ ತೆರುವವನು ಮೂರನೆಯದರಿಂದ ಪಾರಾಗನು. ಇಂದಿನ ‘ಬೋನ್ ಚೈನಾ’ದಲ್ಲಿಯೂ ಸಾಮಾನ್ಯವಾಗಿ ಅದೇ ಬೂದಿಯಿದೆ. ರೂಪದಲ್ಲಿ ಕರುಣೆಯನ್ನು ಮೆಚ್ಚುವ ಶ್ರಾವಕರು ಕೊಳ್ಳುವ ಮುನ್ನ ಉಪಾದಾನವನ್ನೂ ವಿಚಾರಿಸುವುದು ವಿಹಿತ.