ಕನ್ನಡಕ ಮರೆತು ಬಂದೆ

ನನ್ನ ಸೋದರಮಾವನ ಮಗ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಸುಟ್ಟುಹೋದ ಪಂಪ್‌ಸೆಟ್ ಬಿಚ್ಚಿದರೆ, ಎಷ್ಟು ಸುತ್ತು ತಂತಿ ಇತ್ತೆಂಬುದನ್ನು ಬರೆದುಕೊಳ್ಳದೆ ನೆನಪಿನಲ್ಲೇ ಇಟ್ಟುಕೊಂಡು ಮತ್ತೆ ಸುತ್ತಬಲ್ಲ. ಆದರೆ ಅಂಗಡಿಗೆ ಯಾವುದಾದರೂ ಕಾಗದ ಬಂದರೆ ಜೇಬು ತಡಕಿ, "ಕನ್ನಡಕ ಮರೆತು ಬಂದೆ ಭಾಯ್, ಸ್ವಲ್ಪ ಓದಿಬಿಡು" ಎನ್ನುತ್ತಿದ್ದ. ಇಪ್ಪತ್ತು ವರ್ಷ ನಾನದನ್ನು ನಂಬಿದ್ದೆ. ಅವನು ಕನ್ನಡಕ ಹಾಕಿದ್ದನ್ನು ಒಮ್ಮೆಯೂ ಕಂಡಿಲ್ಲವಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಅವನು ಶಾಲೆಯ ಮುಖ ನೋಡದವನಲ್ಲ. ನಾವಿಬ್ಬರೂ ಒಂದೇ ಬೆಂಚಿನವರು. ಉರ್ದುವಿನಲ್ಲಿ ಒಂದು ಚುಕ್ಕೆ ತಪ್ಪಿದರೆ ಅಕ್ಷರವೇ ಬೇರೆ. ಕನ್ನಡದ ದ, ಧ, ಥಗಳ ನಡುವೆ ಇರುವುದೂ ಅಷ್ಟೇ ಸಣ್ಣ ಗುರುತು. ನನಗೆ ಎರಡೂ ಲಿಪಿ ಒಲಿದವು, ಅವನಿಗೆ ಎರಡೂ ಒಲಿಯಲಿಲ್ಲ. ತರಗತಿ ಅವನನ್ನು 'ದಡ್ಡ' ಎಂದು ಕರೆದಾಗ ನಾನೂ ನಕ್ಕಿದ್ದೆ.

ಕೆಲವು ವರ್ಷಗಳ ಹಿಂದೆ ಅವನ ಮಗಳನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞೆ 'ಡಿಸ್ಲೆಕ್ಸಿಯಾ' ಎಂದರು. ಇದು ವಂಶದಲ್ಲಿ ಹರಿದುಬರುವುದುಂಟು. ಮನೆಯಲ್ಲಿ ಮತ್ತ್ಯಾರಿಗಾದರೂ ಓದುವ ಕಷ್ಟವಿದೆಯೇ ಎಂದು ಅವರು ಕೇಳಿದಾಗ, ಅವನು ಜೇಬು ತಡಕಲಿಲ್ಲ. "ನನಗಿದೆ" ಎಂದ.

ಈ ಹೆಸರನ್ನು 1887ರಲ್ಲಿ ಕೊಟ್ಟವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. ಆದರೆ ತೊಡಕಿರುವುದು ಕಣ್ಣಿನಲ್ಲಲ್ಲ, ಬುದ್ಧಿಯಲ್ಲೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಬೆಸೆಯುವ ಕೆಲಸ ಮಿದುಳಿಗೆ ಸಲೀಸಾಗಿ ಆಗುವುದಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕರ ಹುಡುಗನೊಬ್ಬನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಅವನೇ ಶಾಲೆಯ ಜಾಣನಾಗುತ್ತಿದ್ದ ಎಂಬುದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು. ನಮ್ಮಲ್ಲಿ 'ತಾರೇ ಜಮೀನ್ ಪರ್' ಚಿತ್ರ 2007ರಲ್ಲಿ ಮಕ್ಕಳ ಕಷ್ಟ ತೋರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಕಲಿಕಾ ತೊಡಕನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿತು. ಆದರೆ ಆ ಮಕ್ಕಳು ದೊಡ್ಡವರಾದ ಮೇಲೆ? ಡಿಸ್ಲೆಕ್ಸಿಯಾ ಶಾಲೆ ಬಿಟ್ಟೊಡನೆ ಬಿಟ್ಟುಹೋಗುವುದಲ್ಲ.

ಹಾಗಾದರೆ ಅವನು ಸುಳ್ಳುಗಾರನೇ? ಆ ಸುಳ್ಳಿಗೆ ಅವನು ಬೆಲೆಯನ್ನೂ ತೆತ್ತಿದ್ದಾನೆ. ಓದಲಾಗದೆಂದು ಹೇಳಲು ನಾಚಿ ಜಾಮೀನು ಪತ್ರವೊಂದಕ್ಕೆ ಸಹಿ ಹಾಕಿ, ಇನ್ನೊಬ್ಬನ ಸಾಲ ತೀರಿಸಿದ್ದಾನೆ. ಮುಚ್ಚಿಡುವುದು ನಿರಪಾಯವೆಂದು ನಾನು ಹೇಳಲಾರೆ. ಆದರೆ ಅವನು ಆರಿಸಿಕೊಂಡ ನೆಪವನ್ನು ಗಮನಿಸಿ. ಕನ್ನಡಕವೂ ಒಂದು ಕೊರತೆಯ ಗುರುತೇ. ಅದಕ್ಕೆ ಯಾರೂ ನಗುವುದಿಲ್ಲ. ಕನ್ನಡಕ ಹಾಕಿ ಪರೀಕ್ಷೆ ಬರೆದವನನ್ನು ರಿಯಾಯಿತಿ ಪಡೆದವನೆಂದು ಯಾರೂ ಜರೆಯುವುದಿಲ್ಲ. ಹೆಚ್ಚು ಸಮಯ ಕೇಳಿದವನನ್ನು, ಓದಿ ಹೇಳಿ ಎಂದವನನ್ನು ಮಾತ್ರ ಜರೆಯುತ್ತೇವೆ. ಮರ್ಯಾದೆಯಿಲ್ಲದ ಕೊರತೆಯನ್ನು ಅವನು ಮರ್ಯಾದೆಯುಳ್ಳ ಕೊರತೆಯ ಹಿಂದೆ ಅಡಗಿಸಿದ, ಅಷ್ಟೆ. ಸತ್ಯ ಹೇಳುವುದು ಅವನ ಕರ್ತವ್ಯವಾದರೆ, ಆ ಸತ್ಯವನ್ನು ನಗದೆ ಕೇಳಿಸಿಕೊಳ್ಳುವುದು ನಮ್ಮದಾಗಿತ್ತು. ಮೊದಲು ತಪ್ಪಿದವರು ನಾವು.

ಈಗ ಅವನ ಮೊಬೈಲು ಸಂದೇಶಗಳನ್ನು ಓದಿ ಹೇಳುತ್ತದೆ. ಬಿಲ್ಲು ಬರೆಯುವ ಹುಡುಗನಿಗೂ ವಿಷಯ ಗೊತ್ತು. ಗಿರಾಕಿಗಳು ಕಡಿಮೆಯಾಗಿಲ್ಲ.

ನನ್ನ ಕಥೆ ಅಚ್ಚಾದಾಗಲೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದವನು ಮೊನ್ನೆ, "ಓದಿ ಹೇಳು" ಎಂದ. ಅಂಗಡಿಯಲ್ಲೇ ಕೂತು ಓದಿದೆ. ಮುಗಿದ ಮೇಲೆ, "ಸುಟ್ಟ ಮೋಟಾರಿನ ವಾಸನೆ ನೀನು ಬರೆದ ಹಾಗಿರುವುದಿಲ್ಲ" ಎಂದ. ನನ್ನ ಕಥೆಯ ಬಗ್ಗೆ ಅವನಾಡಿದ ಮೊದಲ ನಿಜವಾದ ಮಾತು ಅದು. ಮನೆಗೆ ಬಂದು ಆ ಸಾಲನ್ನು ತಿದ್ದಿದೆ.