ಜಗಲಿಯ ಮೇಲಿನ ಜಾಗ

1953ರಲ್ಲಿ ನೇಪಾಳ ಸರಕಾರ ಕ್ರೈಸ್ತ ಮಿಷನ್ನಿನವರಿಗೆ ಒಂದು ಅನುಮತಿ ಪತ್ರ ಕೊಟ್ಟಿತು. ತಾನ್‌ಸೇನ್‌ನಲ್ಲಿ ಆಸ್ಪತ್ರೆ ತೆರೆಯಬಹುದು, ಕಾಠ್ಮಂಡು ಕಣಿವೆಯಲ್ಲಿ ತಾಯಿ-ಮಕ್ಕಳ ಆರೈಕೆ ಕೇಂದ್ರಗಳನ್ನು ನಡೆಸಬಹುದು ಎಂಬುದು ಅದರ ಸಾರ. ಒಪ್ಪಿಗೆಯ ಬೆನ್ನಿಗೇ ಷರತ್ತುಗಳೂ ಇದ್ದವು. ಖರ್ಚು ನಿಮ್ಮದು. ಕೆಲಸಕ್ಕೆ ನೇಪಾಳಿಗಳನ್ನೇ ತೆಗೆದುಕೊಂಡು ತಯಾರು ಮಾಡಬೇಕು. ಮುಂದೆ ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸಬೇಕು. ಮತಾಂತರದ ಕೆಲಸ ಮಾಡುವಂತಿಲ್ಲ ಎಂಬುದೂ ಆಮೇಲಿನ ಒಪ್ಪಂದಗಳಲ್ಲಿ ಸೇರಿತು. ಈ ಷರತ್ತುಗಳಿಗೆ ತಲೆಬಾಗಿಯೇ 1954ರಲ್ಲಿ ಯುನೈಟೆಡ್ ಮಿಷನ್ ಟು ನೇಪಾಲ್ ಹುಟ್ಟಿತು. ಬೇರೆ ಬೇರೆ ದೇಶಗಳ ಹಲವು ಪಂಗಡಗಳ ಕ್ರೈಸ್ತರು ಒಂದೇ ಸೂರಿನ ಕೆಳಗೆ ಬಂದು ಆ ದೇಶದ ಮಾತಿಗೆ ಒಪ್ಪಿ ನಿಂತರು.

ನಾನು ನರ್ಸ್. ಕರಾವಳಿಯವಳು. ಅದೇ ತಾನ್‌ಸೇನ್ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋದಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಪತ್ರ. ಹಿಂತಿರುಗಲೇಬೇಕು ಎಂಬ ಕರಾರಿನ ಮೇಲೆ ಒಬ್ಬರು ಪರದೇಶದಲ್ಲಿ ನೆಲೆಯೂರುವುದು ಎಂದರೇನು? ಕೊಟ್ಟುಬಿಡಬೇಕಾದ ಮನೆಯನ್ನು ಯಾರಾದರೂ ಮನಸಿಟ್ಟು ಕಟ್ಟುತ್ತಾರೆಯೇ?

ನಮ್ಮ ಕಡೆಯವರಿಗೆ ಮಿಷನ್ ಎಂದರೆ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ನಮ್ಮ ಕರಾವಳಿಗೆ ಬಂದರು. ಅವರಿಗೆ ಬಾಗಿಲು ತೆರೆದದ್ದು ಇಲ್ಲಿಯ ಜನರಲ್ಲ. ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ಆದ ಸನದು ಕಾಯ್ದೆ, ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯಲ್ಲಿ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತ್ತು. 1853ರಲ್ಲಿ ಬಂದ ಕಿಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ನಮಗೊಂದು ನಿಘಂಟು ಕೊಟ್ಟರು. ಕನ್ನಡ ಓದುವ ಯಾರೂ ಆ ಉಪಕಾರವನ್ನು ಮರೆಯಲಾರರು. ಆದರೆ ಅವರ ಬೆನ್ನಿಗೆ ಒಂದು ಸಾಮ್ರಾಜ್ಯದ ನೆರಳಿತ್ತು, ಬಯಸಲಿ ಬಯಸದಿರಲಿ. ನೇಪಾಳದಲ್ಲಿ ಅಂಥ ನೆರಳು ಇರಲಿಲ್ಲ. 1951ರವರೆಗೆ ರಾಣಾಗಳ ಆಡಳಿತ ಹೊರಗಿನವರಿಗೆ ಕದ ಮುಚ್ಚಿಕೊಂಡೇ ಇತ್ತು. ಮಸ್ಸೂರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ರಾಬರ್ಟ್ ಫ್ಲೆಮಿಂಗ್ ಹಕ್ಕಿಗಳ ಅಧ್ಯಯನಕ್ಕೆಂದು ತಾನ್‌ಸೇನ್ ಇರುವ ಪಾಲ್ಪಾದ ಬೆಟ್ಟಗಳಿಗೆ ಬಂದಾಗ ಜೊತೆಗೆ ವೈದ್ಯರೂ ಇದ್ದರು. ಸುದ್ದಿ ತಿಳಿದ ಜನ ರೋಗಿಗಳನ್ನು ಹೊತ್ತು ತಂದರು. ಊರಿನ ಹಿರಿಯರೇ, ಇಲ್ಲೊಂದು ಆಸ್ಪತ್ರೆ ಮಾಡಿ ಎಂದು ಕೇಳಿಕೊಂಡರು. ಕರೆದವರು ಅವರು, ಷರತ್ತು ಹಾಕಿದವರೂ ಅವರೇ. ಸೇವೆ ಪಡೆಯುವವನ ಘನತೆ ಉಳಿಯುವುದು ಹೀಗೆ ಷರತ್ತು ಹಾಕುವ ಶಕ್ತಿ ಅವನ ಕೈಯಲ್ಲಿದ್ದಾಗ ಮಾತ್ರ ಎಂದು ನನಗೆ ಅನಿಸುತ್ತದೆ.

ಹೊಸದಾಗಿ ಬಂದ ಸ್ವಯಂಸೇವಕರನ್ನು ಮಿಷನ್ ಹಿಂದಿನಿಂದಲೂ ನೇರ ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಮೊದಲು ಕೆಲವು ತಿಂಗಳು ಕಾಠ್ಮಂಡುವಿನಲ್ಲಿ ಕೂತು ನೇಪಾಳಿ ಕಲಿಯಬೇಕು. ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈಗಳು ಪುಟ್ಟ ಮಕ್ಕಳ ಹಾಗೆ ಅಕ್ಷರ ತಿದ್ದುತ್ತಾ, ತರಕಾರಿ ಅಂಗಡಿಯಲ್ಲಿ ತಡವರಿಸುತ್ತಾ ದಿನ ಕಳೆಯಬೇಕು. ಹೊರಗಿನಿಂದ ನೋಡಿದರೆ ಇದು ವ್ಯರ್ಥ ಕಾಲಹರಣ. ಆದರೆ ಇಡೀ ಸೇವೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ತಿಂಗಳುಗಳು ಇವೇ ಇರಬಹುದು. ಯಾಕೆಂದರೆ ಆಗ ಕೊಡುವುದಕ್ಕೆ ನಮ್ಮ ಬಳಿ ಏನೂ ಇರುವುದಿಲ್ಲ. ಮೇಷ್ಟ್ರು, ಅಂಗಡಿಯವಳು, ಪಕ್ಕದ ಮನೆಯ ಮಗು, ಎಲ್ಲರೂ ನಮಗೆ ಕೊಡುವವರೇ.

ಭಾರತೀಯರಿಗೆ ಇಲ್ಲೊಂದು ಸುಲಭದ ದಾರಿ ಇದೆ. 1950ರ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ. ಹಿಂದಿಯಲ್ಲೇ ಹೇಗೋ ನಿಭಾಯಿಸಬಹುದು. ಸಿನಿಮಾ ನೋಡಿ, ಗಡಿ ದಾಟಿ ದುಡಿದು ಬಂದವರಿಗೆಲ್ಲ ಹಿಂದಿ ತಿಳಿಯುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ಬೆಟ್ಟದಾಚೆಯ ಅಜ್ಜಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನರಳುವುದು ಹಿಂದಿಯಲ್ಲಲ್ಲ. ಉರಿಯೋ, ಚುಚ್ಚುವುದೋ, ಹಿಂಡುವುದೋ, ಅದನ್ನು ಅವಳು ತನ್ನ ಮಾತಿನಲ್ಲೇ ಹೇಳಬೇಕು. ಪಕ್ಕದಲ್ಲಿ ಕುರುವಾ ಕೂತಿರುತ್ತಾರೆ. ರೋಗಿಯ ಜೊತೆಗಿರುವ ಮನೆಯವರಿಗೆ ಅಲ್ಲಿ ಹಾಗೆನ್ನುತ್ತಾರೆ. ಔಷಧಿ ತರುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಅವರದೇ. ನಮ್ಮ ಜಿಲ್ಲಾ ಆಸ್ಪತ್ರೆಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ. ಆ ಅಜ್ಜಿಯ ಸೊಸೆ ನನ್ನ ಮುಖ ನೋಡಿ, ನಾನು ಅರ್ಧ ಮಾತ್ರ ಅರ್ಥ ಮಾಡಿಕೊಂಡೆ ಎಂದು ತಿಳಿದು, ತನ್ನ ಹೊಟ್ಟೆಯ ಮೇಲೆ ಬೆರಳಿಟ್ಟು ನೋವಿನ ದಾರಿಯನ್ನು ಗೆರೆ ಎಳೆದು ತೋರಿಸಿದಳು. ಆ ಹೊತ್ತಿಗೆ ವಾರ್ಡಿನಲ್ಲಿ ನಿಜವಾದ ನರ್ಸ್ ಅವಳೇ.

ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದಳು. ಎಲ್ಲರೂ ಕರೆಯುವ ಹಾಗೆ ನಾನೂ ಆಮಾ ಎನ್ನುತ್ತಿದ್ದೆ, ಅವಳಿಗೆ ನಾನು ನಾನಿ, ಅಂದರೆ ಮಗು. ಹಳೆಯ ಆಚಾರದ ಮನೆ. ಚಳಿಗಾಲದ ಬೆಳಗುಗಳಲ್ಲಿ ಕೆಳಗಿನ ಮಾಡಿ ಕಣಿವೆಯ ತುಂಬ ಮಂಜು ಸರೋವರದ ಹಾಗೆ ನಿಂತಿರುತ್ತಿತ್ತು. ಬಿಸಿಲು ಏರುವ ತನಕ ಅವಳು ಜಗಲಿಯ ಮೇಲೆ ಕೂತು ಸಾಸಿವೆ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡರೆ ಬಾ ಎಂದು ಕರೆದು ಚಹಾ ಕೊಡುತ್ತಿದ್ದಳು. ಲೋಟವನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲಿಡುತ್ತಿದ್ದಳು. ಕುಡಿದ ಮೇಲೆ ನಾನೇ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಬೇಕು. ಅಡುಗೆ ಕೋಣೆಯ ಹೊಸ್ತಿಲು ನನಗೆ ಇರಲಿಲ್ಲ. ನೇಪಾಳದ 1854ರ ಮುಲುಕಿ ಐನ್ ಎಂಬ ಕಾನೂನು, ಯಾರು ಮುಟ್ಟಿದ ನೀರು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ಜನರನ್ನು ಸಾಲಾಗಿ ನಿಲ್ಲಿಸಿತ್ತು. ಹೊರದೇಶದ ಕ್ರೈಸ್ತರು ನೀರು ನಡೆಯದವರ ಸಾಲಿನಲ್ಲಿದ್ದರು. 1963ರ ಹೊಸ ಕಾನೂನು ಅದನ್ನೆಲ್ಲ ತೆಗೆದುಹಾಕಿದರೂ ಕಾನೂನು ಅಡುಗೆಮನೆಯನ್ನು ತಲುಪಲು ತಲೆಮಾರುಗಳೇ ಬೇಕು. ಇದು ನಮ್ಮ ಹಳ್ಳಿಗಳಿಗೆ ಗೊತ್ತಿರದ ಮಾತೇ?

ಈ ಪದ್ಧತಿ ಸರಿಯೆಂದು ನಾನು ಹೇಳಲಾರೆ. ಅದೇ ಬೀದಿಯಲ್ಲಿ ಹುಟ್ಟಿ, ಅದೇ ಜಗಲಿಯ ಮೇಲೂ ಜಾಗವಿಲ್ಲದೆ ಅಂಗಳದಲ್ಲೇ ನಿಲ್ಲುತ್ತಿದ್ದವರಿಗೆ ಇದು ದಿನನಿತ್ಯದ ಗಾಯ. ನಾನು ಕೆಲವು ಕಾಲ ಇದ್ದು ಹೋಗುವವಳು; ಅವರ ನೋವನ್ನು ನನ್ನದೆಂದು ಹೇಳಿಕೊಳ್ಳುವುದು ಅನ್ಯಾಯ. ಆದರೂ ಆ ಜಗಲಿ ನನಗೆ ಒಂದು ವಿಷಯ ತಿಳಿಸಿತು. ಸೇವೆಗೆಂದು ಹೋದವರ ಜಾಗ ಅದೇ. ಒಳಗೆ ಕರೆಯುವುದು, ಬಿಡುವುದು ಮನೆಯವರ ಇಷ್ಟ. ಆಸ್ಪತ್ರೆಯಲ್ಲಿ ಜನರ ಮೈಯ ಗುಟ್ಟುಗಳೆಲ್ಲ ನಮಗೆ ಗೊತ್ತಾಗುವುದರಿಂದ ಇಡೀ ಊರೇ ನಮಗೆ ತೆರೆದಿದೆ ಎಂಬ ಭ್ರಮೆ ಬಲುಬೇಗ ಬರುತ್ತದೆ. ದಿನಾ ಬೆಳಿಗ್ಗೆ ಹೊಸ್ತಿಲಿನಾಚೆ ಕೂತು ಚಹಾ ಕುಡಿದರೆ ಆ ಭ್ರಮೆ ಉಳಿಯುವುದಿಲ್ಲ.

ದಸೈಂ ಹಬ್ಬ ಬಂತು. ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಹಚ್ಚಿ ಹರಸುವ ದಿನ. ಆಮಾ ತಟ್ಟೆ ಹಿಡಿದು ಬಂದಳು. ಅಲ್ಲಿಯ ಕ್ರೈಸ್ತರಲ್ಲಿ ಬಹಳ ಮಂದಿ ಟೀಕಾ ಹಚ್ಚಿಸಿಕೊಳ್ಳುವುದಿಲ್ಲ. ಅದರಿಂದಾಗಿ ಸ್ವಂತ ತಂದೆ ತಾಯಿಯ ಮನೆಯಿಂದ ಹೊರಗಾದವರು ನನ್ನ ಜೊತೆ ಕೆಲಸ ಮಾಡುತ್ತಿದ್ದರು. ನಾನು ಪ್ರೀತಿಗೆ ಸೋತು ಹಣೆ ಒಡ್ಡಿದರೆ ಅವರು ತೆತ್ತ ಬೆಲೆ ಹಗುರಾಗುತ್ತದೆ. ಒಡ್ಡದಿದ್ದರೆ ಈ ತಾಯಿಯ ಹರಕೆಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಂತೆ. ನಾನು ಏನೂ ಹೇಳಲಾಗದೆ ನಿಂತೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಬರಿಗೈಯನ್ನು ನನ್ನ ತಲೆಯ ಮೇಲಿಟ್ಟಳು. ಬೆರಳಲ್ಲಿ ಮೊಸರಿನ ತಂಪು ಇನ್ನೂ ಇತ್ತು. ಮಂತ್ರದ ಹಾಗೆ ಏನೋ ಹೇಳಿ ಹತ್ತು ರೂಪಾಯಿಯ ಹೊಸ ನೋಟು ಕೊಟ್ಟು ಹೋದಳು. ನಾನು ಓದಿದ ಯಾವ ತರಬೇತಿ ಪುಸ್ತಕದಲ್ಲೂ ಈ ದಾರಿ ಇರಲಿಲ್ಲ.

ತೆತ್ತ ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. 1960ರ ಹೊತ್ತಿಗೆ ಇದೇ ತಾನ್‌ಸೇನ್‌ನಲ್ಲಿ ಕ್ರೈಸ್ತರಾದ ಕಾರಣಕ್ಕೆ ಕೆಲವು ನೇಪಾಳಿಗಳು ಜೈಲು ಸೇರಿದರು. ಮಿಷನ್ ಆಸ್ಪತ್ರೆ ಮಾತ್ರ ನಡೆಯುತ್ತಲೇ ಇತ್ತು. ಒಪ್ಪಂದದ ಬೇಲಿ ವಿದೇಶಿಯರನ್ನು ಕಾಪಾಡಿತು, ಜೈಲಿನ ಕಂಬಿ ಸ್ಥಳೀಯರ ಪಾಲಾಯಿತು. 2006ರ ಜನವರಿ 31ರ ರಾತ್ರಿ ಮಾವೋವಾದಿಗಳು ಊರಿನ ಮೇಲೆ ದಾಳಿ ಮಾಡಿದಾಗ ನಡುಪೇಟೆಯ ದರ್ಬಾರು ಕಟ್ಟಡ ಸುಟ್ಟುಹೋಯಿತು. ಇಂಥ ಹೊತ್ತಿನಲ್ಲಿ ರಾಯಭಾರ ಕಚೇರಿಯೊಂದು ಕಾಳಜಿ ಮಾಡುವುದು ಹೊರಗಿನವರ ಬಗ್ಗೆ ಮಾತ್ರ. ಬೀಳ್ಕೊಡುಗೆ ಸಭೆಗಳಲ್ಲಿ ನಮ್ಮ ಊರಿನವರು ನಮ್ಮನ್ನು ತ್ಯಾಗಿಗಳೆಂದು ಕರೆಯುತ್ತಾರೆ. ಸಂಬಳವಿಲ್ಲ ನಿಜ; ಊರಿನ ಸಭೆಗಳು ಕೂಡಿಸಿ ಕಳಿಸುವ ಹಣದಲ್ಲಿ ಬದುಕುತ್ತೇವೆ. ಆದರೆ ಬೇಕೆಂದಾಗ ಹೊರಡಬಲ್ಲವರ ತ್ಯಾಗಕ್ಕೂ ಹೊರಡಲಾಗದವರ ಸಹನೆಗೂ ಒಂದೇ ಹೆಸರು ಸಲ್ಲದು. ಅದೇ ವಾರ್ಡಿನಲ್ಲಿ ದುಡಿಯುವ ನೇಪಾಳಿ ನರ್ಸನ್ನು ಯಾರೂ ಸ್ವಯಂಸೇವಕಿ ಎನ್ನುವುದಿಲ್ಲ.

ಹಾಗಾದರೆ ಬೇರು ಬಿಡುವುದೇಕೆ? ನಾರ್ವೆಯ ಇಂಜಿನಿಯರ್ ಓಡ್ ಹೊಫ್ಟುನ್ ಅವರ ಬದುಕಿನಲ್ಲಿ ನನಗೆ ಉತ್ತರದ ಒಂದು ತುದಿ ಕಾಣುತ್ತದೆ. 1958ರಲ್ಲಿ ಅವರು ಬಂದದ್ದು ತಾನ್‌ಸೇನ್ ಆಸ್ಪತ್ರೆಯ ಕಟ್ಟಡ ಕಟ್ಟಲು. ಕಟ್ಟುವಾಗ ಅವರಿಗೆ ಕಂಡದ್ದು ಕೈಕಸುಬು ಕಲಿತ ಹುಡುಗರ ಕೊರತೆ. 1963ರಲ್ಲಿ ಕೆಳಗಿನ ಬುಟ್ವಲ್‌ನಲ್ಲಿ ತಾಂತ್ರಿಕ ಶಾಲೆ ಶುರುವಾಯಿತು. ಅಲ್ಲಿ ಹುಡುಗರು ನಿಜವಾದ ಕಾರ್ಖಾನೆಯಲ್ಲಿ ಮಾರಾಟದ ಸಾಮಾನು ಮಾಡುತ್ತಲೇ ಕಲಿತರು. ಆಮೇಲೆ ತಿನಾವು ನದಿಗೆ ಒಂದು ಮೆಗಾವಾಟಿನ ಪುಟ್ಟ ವಿದ್ಯುತ್ ಕೇಂದ್ರ, ಆಮೇಲೆ ಆಂಧಿಖೋಲಾ, ಝಿಮ್ರುಕ್, ಕೊನೆಗೆ 2000ದಲ್ಲಿ 60 ಮೆಗಾವಾಟಿನ ಖಿಮ್ತಿ. ಹೊರಗಿನಿಂದ ಕಂಪನಿ ಕರೆಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅವರಿಗೆ ಬೇಗ ಮುಗಿಯುವುದು ಬೇಕಿರಲಿಲ್ಲ, ಸುರಂಗ ತೋಡಲು ಬಲ್ಲ ನೇಪಾಳಿಗಳು ಬೇಕಿತ್ತು. ಇಷ್ಟು ನಿಧಾನಕ್ಕೆ ಬೇರು ಬಿಡದೆ ಗತಿಯಿಲ್ಲ. ಒಂದು ವರ್ಷಕ್ಕೆ ಬಂದು ಹೋಗುವವರು ಕೆಲಸ ಮಾಡಿ ಮುಗಿಸಬಹುದು, ಕೈ ತಯಾರು ಮಾಡಲಾರರು.

ಅವರ ಮಗ ಮಾರ್ಟಿನ್ ನೇಪಾಳದ ರಾಜಕೀಯವನ್ನು ಅಧ್ಯಯನ ಮಾಡುತ್ತಿದ್ದವರು. 1992ರಲ್ಲಿ ಕಾಠ್ಮಂಡುವಿನ ಬಳಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಾಠ್ಮಂಡುವಿನಲ್ಲಿ ಜನ ಸೇರಿ ಚರ್ಚಿಸುವ, ಸಂಶೋಧನೆ ನಡೆಸುವ ಒಂದು ಸಂಸ್ಥೆಗೆ ಇವತ್ತಿಗೂ ಅವರ ಹೆಸರಿದೆ: ಮಾರ್ಟಿನ್ ಚೌತಾರಿ. ದಾರಿಹೋಕರು ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಅರಳಿಕಟ್ಟೆಯೇ ಚೌತಾರಿ. ಯಾರ ಮನೆಯೂ ಅಲ್ಲದ, ಎಲ್ಲರೂ ಕೂರಬಹುದಾದ ಜಾಗಕ್ಕೆ ಪರದೇಶದವನೊಬ್ಬನ ಹೆಸರು.

ಪಾಲ್ಪಾದ ಮನೆಮನೆಯಿಂದ ಗಂಡುಮಕ್ಕಳು ದುಡಿಮೆಗೆಂದು ಹೊರಗೆ ಹೋಗಿದ್ದಾರೆ. ಕೊಲ್ಲಿಗೆ, ಮಲೇಷ್ಯಾಕ್ಕೆ, ಇಂಡಿಯಾಕ್ಕೆ. ಅವರಿಗೆ ಭಾಷೆ ಕಲಿಸಲು ಯಾರೂ ಕೂರುವುದಿಲ್ಲ, ಬೀಳ್ಕೊಡುಗೆ ಸಭೆಯೂ ಇಲ್ಲ. ಆಮಾಳ ಕಿರಿಯ ಮಗ ನಮ್ಮ ಬೆಂಗಳೂರಿನಲ್ಲೇ ಹೋಟೆಲೊಂದರ ಅಡುಗೆಮನೆಯಲ್ಲಿದ್ದ. ನಾನು ಆ ಕಡೆಯವಳೆಂದು ತಿಳಿದ ದಿನ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು: "ನಾನಿ, ನಿಮ್ಮೂರಲ್ಲಿ ಅವನ ಜೊತೆ ಯಾರಾದರೂ ಮಾತಾಡುತ್ತಾರಾ?"

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿದೆ. ಅವನು ಹುಡುಕಿಕೊಂಡು ಹೋದ. ಹುಡುಗನಿಗೆ ರಾತ್ರಿ ಹನ್ನೊಂದರ ತನಕ ಬಿಡುವಿಲ್ಲ; ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆಗಳ ಪಕ್ಕ ನಿಂತು ಇಬ್ಬರೂ ಹಿಂದಿಯಲ್ಲಿ ಮಾತಾಡಿದರಂತೆ. ಮಗ ಚೆನ್ನಾಗಿದ್ದಾನೆ, ಸ್ವಲ್ಪ ಸೊರಗಿದ್ದಾನೆ ಎಂದು ಆಮಾಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ನಿನ್ನ ಅಣ್ಣ ಅವನನ್ನ ಮನೆಗೆ ಕರೆದನಾ?" ಎಂದಳು.

ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. ಮುಂದಿನ ಭಾನುವಾರ ಹುಡುಗನಿಗೆ ರಜೆ ಸಿಗಲಿಲ್ಲ. ಅದರಾಚೆಯ ವಾರ ಊಟಕ್ಕೆ ಬಂದ. ಅತ್ತಿಗೆ ಅಡುಗೆ ಮಾಡುತ್ತಿದ್ದಾಗ ತಾನೇ ಒಳಗೆ ಹೋಗಿ ಈರುಳ್ಳಿ ಹೆಚ್ಚಿಕೊಟ್ಟನಂತೆ.