ಆವೃತ್ತಿಯೂ ರಸಾಸ್ವಾದವೂ

ಅಮೆರಿಕದ ಗಾಯಕ ಲೂ ರೀಡ್ 1975ರಲ್ಲಿ ‘ಮೆಟಲ್ ಮೆಷೀನ್ ಮ್ಯೂಸಿಕ್’ ಎಂಬ ಹೆಸರಿನಿಂದ ಹೊರತಂದ ಜೋಡಿ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿರಲಿಲ್ಲ, ಸಾಹಿತ್ಯವಿರಲಿಲ್ಲ, ತಾಳವೂ ಇರಲಿಲ್ಲ. ವಿದ್ಯುತ್ ಗಿಟಾರುಗಳನ್ನು ಧ್ವನಿವರ್ಧಕಗಳ ಎದುರಿಗಿರಿಸಿ, ಅವು ಹೊರಡಿಸಿದ ನಾದವನ್ನು ಅವೇ ಮರಳಿ ಸ್ವೀಕರಿಸಿ ಮತ್ತೆ ಹೊರಚೆಲ್ಲುವಂತೆ ಮಾಡಿ ಪಡೆದ ಭೋರ್ಗರೆತವೊಂದೇ, ಪಾರ್ಶ್ವವೊಂದಕ್ಕೆ ಸುಮಾರು 16 ನಿಮಿಷಗಳಂತೆ, ನಾಲ್ಕು ಪಾರ್ಶ್ವಗಳನ್ನೂ ತುಂಬಿತ್ತು. ಕೊನೆಯ ಪಾರ್ಶ್ವದ ಕೊನೆಯ ಗೀರಂತೂ ತನ್ನ ಮೇಲೆ ತಾನೇ ಸುತ್ತಿಕೊಂಡು, ಕೇಳುವವನು ಎದ್ದು ಮುಳ್ಳನ್ನೆತ್ತುವವರೆಗೂ ನಿಲ್ಲದಂತೆ ಕೊರೆಯಲ್ಪಟ್ಟಿತ್ತು. ಕೊಂಡವರಲ್ಲಿ ಅನೇಕರು ಅದನ್ನು ಅಂಗಡಿಗೆ ಹಿಂದಿರುಗಿಸಿದರು. ಕೆಲವೇ ವಾರಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. 2002ರಲ್ಲಿ ಬರ್ಲಿನ್ ನಗರದಲ್ಲಿ ಟ್ಸೈಟ್‌ಕ್ರಾಟ್ಸರ್ ಎಂಬ ವಾದ್ಯವೃಂದವು ಅದೇ ಭೋರ್ಗರೆತವನ್ನು ಸ್ವರಲಿಪಿಯ ಆಧಾರದಿಂದ ವೇದಿಕೆಯ ಮೇಲೆ ನುಡಿಸಿತು. ಸ್ಯಾಕ್ಸೊಫೋನ್ ವಾದಕ ಉಲ್ರಿಖ್ ಕ್ರೀಗರ್ ಆ ತಟ್ಟೆಗಳನ್ನು ಮರಳಿ ಮರಳಿ ಆಲಿಸಿ ಆ ಲಿಪಿಯನ್ನು ಸಿದ್ಧಪಡಿಸಿದ್ದನು. ಆ ಕಛೇರಿಯ ಮುದ್ರಣವು 2007ರಲ್ಲಿ ಸಿಡಿ ಮತ್ತು ಡಿವಿಡಿಗಳ ರೂಪದಲ್ಲಿ ಮನೆಮನೆಗೆ ದೊರೆಯುವಂತಾಯಿತು.

ಈ ನಡುವಿನ ವರ್ಷಗಳಲ್ಲಿ ಮಾರ್ಪಟ್ಟದ್ದಾದರೂ ಏನು? ತಟ್ಟೆಯ ಗೀರು ಮಾರ್ಪಡಲಿಲ್ಲ. ಅದರಿಂದೇಳುವ ನಾದವೂ ಮಾರ್ಪಡಲಿಲ್ಲ. ಒಂದು ಕಾಲದಲ್ಲಿ ಬರಿಯ ಗದ್ದಲವೆಂದು ತಳ್ಳಲ್ಪಟ್ಟ ವಸ್ತುವಿನಲ್ಲಿ ಮತ್ತೊಂದು ಕಾಲದ ಶ್ರೋತೃವು ಸ್ವರಗಳನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಗುರುತಿಸಬಲ್ಲವನಾದುದಕ್ಕೆ ಕಾರಣ, ಅವನು ಅದನ್ನು ಮತ್ತೆ ಮತ್ತೆ ಕೇಳಬಲ್ಲವನಾಗಿದ್ದನೆಂಬುದೊಂದೇ. ಮೊದಲ ದರ್ಶನದಲ್ಲಿ ತಮ್ಮನ್ನು ತೆರೆದುಕೊಳ್ಳದ ಕೃತಿಗಳು ಲೋಕದಲ್ಲಿ ಉಂಟು. ಅಂಥವಕ್ಕೆ ಪುನರಾವೃತ್ತಿಯೆಂಬುದು ಸೌಕರ್ಯವಲ್ಲ, ಅಸ್ತಿತ್ವದ ನಿಬಂಧನೆಯೇ ಆಗಿದೆ. ಆದುದರಿಂದ ಮನೆಯಲ್ಲಿ ಇರಿಸಿಕೊಳ್ಳಬಹುದಾದ ತಟ್ಟೆ, ಟೇಪು, ಡಿವಿಡಿಗಳು ಕಲೆಯ ಅಗ್ಗದ ನೆರಳುಗಳಲ್ಲ, ಇಂಥ ಕೃತಿಗಳ ಸಹಜವಾದ ನಿವಾಸಗಳು. ಈ ಮಾತನ್ನು ಇಲ್ಲಿ ಸಮರ್ಥಿಸಲು ಉದ್ಯುಕ್ತನಾಗಿದ್ದೇನೆ.

ನಮ್ಮ ಆಲಂಕಾರಿಕರು ಈ ಪ್ರಶ್ನೆಯ ಬುಡವನ್ನು ಸಾವಿರ ವರ್ಷಗಳ ಹಿಂದೆಯೇ ಮುಟ್ಟಿದ್ದರು. ಕಾಶ್ಮೀರದ ಅಭಿನವಗುಪ್ತನು ಧ್ವನ್ಯಾಲೋಕದ ತನ್ನ ವ್ಯಾಖ್ಯಾನದಲ್ಲಿ ಸಹೃದಯನನ್ನು ವಿವರಿಸುವಾಗ, ಕಾವ್ಯಗಳ ನಿರಂತರ ಪರಿಶೀಲನದ ಅಭ್ಯಾಸದಿಂದ ಯಾರ ಮನಸ್ಸು ಕನ್ನಡಿಯಂತೆ ತಿಳಿಯಾಗಿ ವರ್ಣ್ಯವಸ್ತುವಿನಲ್ಲಿ ತನ್ಮಯವಾಗಲು ಯೋಗ್ಯವಾಗಿರುವುದೋ ಅವನೇ ಸಹೃದಯನೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಈ ಲಕ್ಷಣದಲ್ಲಿ ನಾವು ತನ್ಮಯತೆಯನ್ನು ಎತ್ತಿ ಆಡುತ್ತೇವೆ, ಅಭ್ಯಾಸವನ್ನು ಮರೆಯುತ್ತೇವೆ. ಸಹೃದಯತೆಯು ಹುಟ್ಟಿನಿಂದ ಬಂದ ವರವಾಗಿರದೆ ಪರಿಶ್ರಮದಿಂದ ಲಭಿಸುವ ಸಿದ್ಧಿಯೆಂಬುದು ಈ ಮಾತಿನ ಸಾರ. ಪರಂಪರೆಯುಳ್ಳ ಕಲೆಗಳಲ್ಲಿ ಈ ಪರಿಶ್ರಮದ ಬಹುಭಾಗವನ್ನು ಸಂಸ್ಕೃತಿಯೇ ನಮಗರಿಯದಂತೆ ಮಾಡಿಸಿಬಿಟ್ಟಿರುತ್ತದೆ: ಮನೆಯಲ್ಲಿ ದೇವರನಾಮವನ್ನೂ ರಾಮೋತ್ಸವದ ಚಪ್ಪರದಲ್ಲಿ ಆಲಾಪನೆಯನ್ನೂ ಕೇಳುತ್ತ ಬೆಳೆದ ಮಗುವಿಗೆ ತೋಡಿ, ಕಾಂಬೋಜಿಗಳು ಹೆಸರು ತಿಳಿಯುವುದಕ್ಕೆ ಮುಂಚೆಯೇ ಪರಿಚಿತವಾಗಿರುತ್ತವೆ. ಆದರೆ ಪ್ರಯೋಗಶೀಲ ಕೃತಿಗೆ ಅಂಥ ಪೂರ್ವಜರ ಸಹಾಯವಿಲ್ಲ. ಅದು ತನ್ನ ಸಹೃದಯನನ್ನು ತಾನೇ ನಿರ್ಮಿಸಿಕೊಳ್ಳಬೇಕು. ಒಂದೇ ಒಂದು ಸಾರಿ ಎದುರು ನಿಂತು ಮರೆಯಾದರೆ ಆ ನಿರ್ಮಾಣಕ್ಕೆ ಅವಕಾಶವೇ ಇರದು.

ಈ ಕಾಲದ ಪ್ರಯೋಗಸಂಗೀತದ ಒಂದು ಪ್ರಧಾನ ಧಾರೆಯ ಜನ್ಮವೃತ್ತಾಂತವೇ ಇದಕ್ಕೆ ಸಾಕ್ಷಿಯಾಗಿದೆ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಪಿಯೇರ್ ಶೇಫರ್ ಎಂಬಾತನು, ತಟ್ಟೆಯ ಸುರುಳಿಗೀರನ್ನು ವೃತ್ತಾಕಾರವಾಗಿ ಮುಚ್ಚಿಬಿಟ್ಟರೆ ಒಂದೇ ಧ್ವನಿಖಂಡವು ಎಡೆಬಿಡದೆ ಆವರ್ತಿಸುವುದನ್ನು ತನ್ನ ಪ್ರಯೋಗಗಳಿಗೆ ಬಳಸಿಕೊಂಡನು. ರೈಲುಬಂಡಿಯ ಸದ್ದನ್ನು ಒಮ್ಮೆ ಕೇಳಿದಾಗ ಕಿವಿಯು ರೈಲನ್ನು ಕಾಣುತ್ತದೆ. ಹತ್ತು ಸಾರಿ ಕೇಳಿದಾಗ ರೈಲು ಹಿಂದೆ ಸರಿದು, ಆ ಸದ್ದಿನ ಲಯವೂ ಏರಿಳಿತವೂ ಒರಟುತನವೂ ಮಾತ್ರ ಉಳಿಯುತ್ತವೆ. ಘಂಟಾನಾದದ ಆರಂಭದ ಹೊಡೆತವನ್ನು ಕತ್ತರಿಸಿ ಉಳಿದುದನ್ನು ಕೇಳಿದರೆ ಅದು ಘಂಟೆಯೆಂದೇ ತೋರದು. ಹೀಗೆ ದೊರೆತ ರಚನೆಗಳು ಅದೇ ವರ್ಷದ ಅಕ್ಟೋಬರ್ 5ರಂದು ಪ್ರಸಾರವಾದುವು. ಮ್ಯೂಸಿಕ್ ಕಾಂಕ್ರೀಟ್ ಎಂಬ ಸಂಗೀತಪ್ರಕಾರವು ಹುಟ್ಟಿದ್ದು ಹೀಗೆ. ಇಲ್ಲಿ ಆವೃತ್ತಿಯು ಕೃತಿಯ ಪ್ರಚಾರಸಾಧನವಾಗಿ ಆಮೇಲೆ ಬಂದುದಲ್ಲ. ಗದ್ದಲವನ್ನು ನಾದವನ್ನಾಗಿ ಪರಿವರ್ತಿಸಿದ ಕ್ರಿಯೆಯೇ ಅದು.

ಇನ್ನು ಚಲನಚಿತ್ರದ ಕಡೆಗೆ ತಿರುಗೋಣ. ಅಲೆಹಾಂದ್ರೊ ಹೊದೊರೊವ್ಸ್ಕಿಯ ‘ಎಲ್ ತೋಪೊ’ ಚಿತ್ರವು 1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಗಿನ್ ಚಿತ್ರಮಂದಿರದಲ್ಲಿ ನಡುರಾತ್ರಿಯ ಪ್ರದರ್ಶನವಾಗಿ ಆರಂಭವಾಗಿ, ವೃತ್ತಪತ್ರಿಕೆಗಳ ಜಾಹೀರಾತಿನಿಂದಲ್ಲದೆ ನೋಡಿದವರ ಬಾಯಿಮಾತಿನಿಂದಲೇ ತಿಂಗಳುಗಟ್ಟಲೆ ನಡೆಯಿತು. ಅದನ್ನು ಏರ್ಪಡಿಸಿದ ಬೆನ್ ಬಾರೆನ್‌ಹೋಲ್ಟ್ಸ್ ಎಂಬಾತನೇ 1977ರಲ್ಲಿ ಡೇವಿಡ್ ಲಿಂಚನ ‘ಇರೇಸರ್‌ಹೆಡ್’ ಚಿತ್ರಕ್ಕೂ ನಡುರಾತ್ರಿಯ ನೆಲೆಯನ್ನು ಒದಗಿಸಿದನು. ಲಿಂಚನು ಅಮೆರಿಕನ್ ಫಿಲಂ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದಾಗ ತೊಡಗಿ ಹಣದ ಅಭಾವದಿಂದ ವರ್ಷಾನುವರ್ಷ ಎಳೆದುಕೊಂಡು ಹೋದ ಈ ಕಪ್ಪುಬಿಳುಪಿನ ಚಿತ್ರದಲ್ಲಿ, ಅವನೂ ಧ್ವನಿವಿನ್ಯಾಸಕ ಆಲನ್ ಸ್ಪ್ಲೆಟ್‌ನೂ ಕೂಡಿ ಕಟ್ಟಿದ ಯಂತ್ರಗಳ ಹೂಂಕಾರ, ಹಬೆಯ ಸೀತ್ಕಾರ, ಗಾಳಿಯ ಮೊರೆತಗಳು ಚಿತ್ರದಷ್ಟೇ ಮುಖ್ಯವಾದ ಪಾತ್ರವನ್ನು ವಹಿಸುತ್ತವೆ. 1982ರಲ್ಲಿ ಆ ಧ್ವನಿಪಥವೇ ಸ್ವತಂತ್ರವಾದ ಗ್ರಾಮಫೋನ್ ತಟ್ಟೆಯಾಗಿ ಹೊರಬಂದಿತೆಂಬುದು, ಪ್ರಯೋಗಸಂಗೀತಕ್ಕೂ, ಹೀಗೆ ಕೆಲವರೇ ಆದರೂ ನಿಷ್ಠರಾದ ಪ್ರೇಕ್ಷಕರು ಮರಳಿ ಮರಳಿ ನೋಡುವ ‘ಕಲ್ಟ್’ ಚಿತ್ರಕ್ಕೂ ಇರುವ ಬಂಧುತ್ವ ಎಷ್ಟು ನಿಕಟವಾದುದೆಂಬುದನ್ನು ತೋರಿಸುತ್ತದೆ. ನಡುರಾತ್ರಿಯ ಪ್ರದರ್ಶನವು ಪ್ರೇಕ್ಷಕನಿಗೆ ಮಾಡಿದ ಉಪಕಾರ ಯಾವುದೆಂದರೆ, ವಾರವಾರವೂ ಅದೇ ಚಿತ್ರಕ್ಕೆ ಹಿಂದಿರುಗುವ ಅವಕಾಶ. ಆದರೆ ಆ ಅವಕಾಶ ಮಹಾನಗರದ ನಿವಾಸಿಗೆ ಮಾತ್ರ ಮೀಸಲಾಗಿತ್ತು. 1976ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ವಿಎಚ್‌ಎಸ್ ಕ್ಯಾಸೆಟ್ಟು ಕಾಲಕ್ರಮದಲ್ಲಿ ಆ ಭಾಗ್ಯವನ್ನು ಚಿತ್ರಮಂದಿರವೇ ಇಲ್ಲದ ಊರುಗಳಿಗೂ ಹಂಚಿತು.

ನನ್ನ ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್, 1930ರ ದಶಕದಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಯಾಂತ್ರಿಕವಾದ ಪ್ರತಿಗಳು ಹೆಚ್ಚಿದಂತೆಲ್ಲ ಮೂಲಕೃತಿಗೆ ಅದರ ಏಕೈಕತೆಯಿಂದ ಬರುವ ಪ್ರಭಾವಲಯವು ಕುಂದುವುದೆಂದು ವಾದಿಸಿದನು. ಆ ಕುಂದುವಿಕೆಯಲ್ಲಿ ಜನಸಾಮಾನ್ಯರ ಬಿಡುಗಡೆಯನ್ನೂ ಅವನು ಕಂಡನೆಂಬುದನ್ನು ಮರೆಯಲಾಗದು. ಸಂಗೀತರಚಕ ಜಾನ್ ಕೇಜ್ ಧ್ವನಿಮುದ್ರಿಕೆಗಳನ್ನು ಮೆಚ್ಚುತ್ತಿರಲಿಲ್ಲ. ಸಂಗೀತವು ಆ ಕ್ಷಣದಲ್ಲಿ ಆಗುವಂಥದು, ಮುದ್ರಿಕೆಯೋ ಆಗಿಹೋದುದನ್ನೇ ಪುನಃ ಹೇಳುವಂಥದು ಎಂಬುದು ಅವನ ನಿಲುವಿನ ತಾತ್ಪರ್ಯ. ಆ ನಿಲುವಿನಲ್ಲಿ ಸತ್ಯಾಂಶವುಂಟು. ಆದರೆ ಇದೇ ಕೇಜ್ 1939ರಲ್ಲಿ ರಚಿಸಿದ ‘ಇಮ್ಯಾಜಿನರಿ ಲ್ಯಾಂಡ್‌ಸ್ಕೇಪ್ ನಂಬರ್ 1’ ಎಂಬ ಕೃತಿಯಲ್ಲಿ ವೇಗವನ್ನು ಬದಲಿಸಬಹುದಾದ ಗ್ರಾಮಫೋನ್ ಯಂತ್ರಗಳೇ ವಾದ್ಯಗಳಾಗಿವೆ. ಆಲ್ವಿನ್ ಲೂಸಿಯರ್ 1969ರಲ್ಲಿ ಇನ್ನೂ ಮುಂದೆ ಹೋದನು: ಒಂದು ಕೋಣೆಯಲ್ಲಿ ಕುಳಿತು ಕೆಲವು ವಾಕ್ಯಗಳನ್ನು ಟೇಪಿನಲ್ಲಿ ಮುದ್ರಿಸಿ, ಅದನ್ನು ಅದೇ ಕೋಣೆಯಲ್ಲಿ ನುಡಿಸಿ ಮತ್ತೆ ಮುದ್ರಿಸಿ, ಹೀಗೆ ಪ್ರತಿಯ ಪ್ರತಿಯನ್ನು ಮಾಡುತ್ತ ಹೋದಂತೆ, ಮಾತಿನ ಅಕ್ಷರಗಳು ಕರಗಿ ಆ ಕೋಣೆಗೆ ಸಹಜವಾದ ಅನುರಣನವು ಮಾತ್ರ ಶುದ್ಧ ನಾದವಾಗಿ ಉಳಿಯಿತು. ಇಂಥ ಕೃತಿಯಲ್ಲಿ ಮೂಲವೆಲ್ಲಿ, ಪ್ರತಿಯೆಲ್ಲಿ? ಪ್ರತಿಮಾಡುವಿಕೆಯನ್ನು ತೆಗೆದುಹಾಕಿದರೆ ಕೃತಿಯೇ ಇಲ್ಲ. ಚಿತ್ರಮಂದಿರದಲ್ಲಿ ನಾವು ನೋಡುತ್ತಿದ್ದ ಫಿಲಂ ಕೂಡ ನೆಗೆಟಿವಿನಿಂದ ತೆಗೆದ ಒಂದು ಪ್ರತಿಯೇ ಆಗಿತ್ತು. ಪ್ರಭಾವಲಯದ ನಷ್ಟವನ್ನು ಕುರಿತ ದುಃಖ ಇಂಥ ಕಲೆಗಳಿಗೆ ಅನ್ವಯಿಸುವುದಿಲ್ಲ. ಸಭೆಯಲ್ಲಿ ಕೂಡಿ ನೋಡುವ ಸುಖವು ಮನೆಯ ಏಕಾಂತದಲ್ಲಿ ಇಲ್ಲವೆಂಬುದೇನೋ ನಿಜ. ಆದರೆ ಏಕಾಂತದಲ್ಲಿ ಪಕ್ವವಾದ ಮನಸ್ಸುಗಳು ಕೂಡಿದಾಗಲೇ ಸಭೆಗೆ ಸಾರ್ಥಕತೆ ಬರುವುದು.

ಎರಡನೆಯ ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದುದು. ಏನನ್ನೇ ಆಗಲಿ ನೂರು ಸಾರಿ ಕೇಳಿದರೆ ಕಿವಿ ಅದಕ್ಕೆ ಒಗ್ಗಿಹೋಗುವುದಿಲ್ಲವೆ? ಸಾಬೂನಿನ ಜಾಹೀರಾತಿನ ರಾಗವೂ ಆವರ್ತನದಿಂದಲೇ ನಾಲಗೆಗೆ ಹತ್ತುತ್ತದಲ್ಲವೆ? ಹಾಗಾದರೆ ಆವೃತ್ತಿಯು ಕೃತಿಯ ಗುಣವನ್ನು ಬೆಳಗಿಸುವುದೆಂಬುದಕ್ಕಿಂತ ಕೇಳುಗನ ವಿವೇಕವನ್ನು ಮಂಕುಮಾಡುವುದೆಂಬುದೇ ಸರಿಯಲ್ಲವೆ? ಇಲ್ಲಿ ಅಭ್ಯಾಸಕ್ಕೂ ರೂಢಿಗೂ ಇರುವ ಅಂತರವನ್ನು ಸ್ಪಷ್ಟವಾಗಿ ಗುರುತಿಸಬೇಕು. ರೂಢಿಯು ಗಮನವನ್ನು ಅನಾವಶ್ಯಕವಾಗಿಸುತ್ತದೆ. ಅಭ್ಯಾಸವು ಗಮನವನ್ನು ಸೂಕ್ಷ್ಮಗೊಳಿಸುತ್ತದೆ. ಜಾಹೀರಾತಿನ ರಾಗವು ನೂರನೆಯ ಸಾರಿಗೆ ಬರುವ ಹೊತ್ತಿಗೆ ಅದರಲ್ಲಿ ಕೇಳಿಸದೆ ಉಳಿದದ್ದು ಏನೂ ಇರುವುದಿಲ್ಲ. ಕ್ರೀಗರನಿಗಾದರೋ, ಒಂದೇ ಆಗಿ ತೋರಿದ್ದ ಭೋರ್ಗರೆತವು ಅನೇಕ ವಾದ್ಯಗಳಿಗೆ ಹಂಚಿಕೊಡಬಹುದಾದ ಅನೇಕ ಧ್ವನಿಗಳಾಗಿ ಬಿಡಿಬಿಡಿಯಾಗಿ ಕೇಳಿಸಿತು. ಮರಳಿ ಹೋದಾಗಲೆಲ್ಲ ಕೃತಿಯಲ್ಲಿ ಹೊಸ ಭೇದಗಳು ಗೋಚರಿಸುತ್ತಿದ್ದರೆ ಅದು ಅಭ್ಯಾಸಕ್ಕೆ ಯೋಗ್ಯ. ಇದ್ದ ಭೇದಗಳೂ ಅಳಿಸಿಹೋಗುತ್ತಿದ್ದರೆ ಅಯೋಗ್ಯ. ವಿಚಿತ್ರವಾಗಿರುವುದೆಲ್ಲವೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆಂದು ನಾನು ಹೇಳುವುದಿಲ್ಲ, ಅನೇಕವು ಸೋಲುತ್ತವೆ. ಆದರೆ ಪರೀಕ್ಷೆಯೇ ನಡೆಯಬೇಕಾದರೆ ಮರಳಿ ಹೋಗುವ ದಾರಿ ತೆರೆದಿರಬೇಕು.

ಆ ದಾರಿ ಮುಚ್ಚುವುದು ಎರಡು ವಿಧದಿಂದ. ಮೊದಲನೆಯದು ದ್ರವ್ಯದ ನಶ್ವರತೆ. ವಿಲಿಯಂ ಬಸಿನ್‌ಸ್ಕಿ ಎಂಬ ಸಂಗೀತಗಾರನು 1980ರ ದಶಕದ ತನ್ನ ಟೇಪುಗಳನ್ನು 2001ರಲ್ಲಿ ಡಿಜಿಟಲ್ ರೂಪಕ್ಕೆ ವರ್ಗಾಯಿಸುತ್ತಿದ್ದಾಗ, ಟೇಪು ಸುತ್ತು ಹಾಕಿದಂತೆಲ್ಲ ಅದರ ಮೇಲಣ ಕಬ್ಬಿಣದ ಆಕ್ಸೈಡಿನ ಲೇಪವು ಪುಡಿಪುಡಿಯಾಗಿ ಉದುರುತ್ತ, ರಾಗವು ಮೆಲ್ಲಮೆಲ್ಲನೆ ಶಿಥಿಲವಾಯಿತು. ಅವನು ಯಂತ್ರವನ್ನು ನಿಲ್ಲಿಸದೆ ಆ ಅವಸಾನವನ್ನೇ ಮುದ್ರಿಸಿ ‘ದಿ ಡಿಸಿಂಟಿಗ್ರೇಷನ್ ಲೂಪ್ಸ್’ ಎಂಬ ಕೃತಿಯನ್ನಾಗಿ ಪ್ರಕಟಿಸಿದನು. ಎರಡನೆಯದು ಒಡೆತನದ ಮುಷ್ಟಿ. ‘ಎಲ್ ತೋಪೊ’ವಿನ ಹಕ್ಕುಗಳನ್ನು ಪಡೆದಿದ್ದ ಆಲನ್ ಕ್ಲೈನ್‌ಗೂ ನಿರ್ದೇಶಕನಿಗೂ ಮನಸ್ತಾಪ ಬೆಳೆದುದರ ಫಲವಾಗಿ ಆ ಚಿತ್ರವೂ 1973ರ ‘ದಿ ಹೋಲಿ ಮೌಂಟನ್’ ಚಿತ್ರವೂ ಸುಮಾರು ಮೂರು ದಶಕಗಳ ಕಾಲ ನ್ಯಾಯವಾದ ಮಾರ್ಗದಲ್ಲಿ ಜನರಿಗೆ ದೊರೆಯಲಿಲ್ಲ. ಅವರಿಬ್ಬರೂ ರಾಜಿಯಾದ ಬಳಿಕ 2007ರಲ್ಲಿ ಡಿವಿಡಿಗಳಾಗಿ, ಅವುಗಳ ಸಂಗೀತದ ಸಿಡಿಗಳೊಡನೆ, ಹೊರಬಂದವು. ನಡುವಣ ಕಾಲದಲ್ಲಿ ಅವುಗಳನ್ನು ಜೀವಂತವಾಗಿ ಉಳಿಸಿದ್ದು ಕೈಯಿಂದ ಕೈಗೆ ಸಾಗಿದ ಮಸುಕು ಕ್ಯಾಸೆಟ್ಟುಗಳು. ಟಾಡ್ ಹೇಯ್ನ್ಸ್ 1987ರಲ್ಲಿ ಗೊಂಬೆಗಳನ್ನು ಪಾತ್ರಧಾರಿಗಳನ್ನಾಗಿಸಿ ಗಾಯಕಿ ಕ್ಯಾರೆನ್ ಕಾರ್ಪೆಂಟರಳ ದುರಂತವನ್ನು ಚಿತ್ರಿಸಿದ 43 ನಿಮಿಷಗಳ ‘ಸೂಪರ್‌ಸ್ಟಾರ್’ ಚಿತ್ರಕ್ಕೆ, ಹಾಡುಗಳ ಹಕ್ಕನ್ನು ಪಡೆದಿರಲಿಲ್ಲವೆಂಬ ಕಾರಣದಿಂದ, 1990ರಲ್ಲಿ ತಡೆ ಬಿದ್ದಿತು. ಅದೂ ಪ್ರತಿಯ ಪ್ರತಿಗಳಲ್ಲಿ ಉಳಿದುಕೊಂಡಿತು.

ಕರ್ತೃವಿಗೆ ಪ್ರತಿಫಲ ಸಲ್ಲಬೇಕು. ತಮ್ಮ ಮನೆಯ ದುಃಖವು ಅನುಮತಿಯಿಲ್ಲದೆ ಪ್ರದರ್ಶಿತವಾದಾಗ ಒಂದು ಕುಟುಂಬಕ್ಕಾಗುವ ನೋವು ಅಲ್ಪವೆಂದು ಯಾರೂ ಹೇಳಕೂಡದು. ಆದರೂ ತತ್ತ್ವದ ದೃಷ್ಟಿಯಿಂದ ಒಂದು ಮಾತು ನಿಲ್ಲುತ್ತದೆ: ಒಡೆತನವೆಂಬುದು ಕೃತಿಯಿಂದ ಫಲವನ್ನು ಪಡೆಯುವ ಅಧಿಕಾರವನ್ನು ಕೊಡಬಹುದೇ ಹೊರತು ಕೃತಿಯನ್ನು ಇಲ್ಲವಾಗಿಸುವ ಅಧಿಕಾರವನ್ನು ಕೊಡಲಾರದು. ಒಮ್ಮೆ ಲೋಕಕ್ಕೆ ಅರ್ಪಿತವಾದ ಕೃತಿಯಲ್ಲಿ, ಇನ್ನೂ ಹುಟ್ಟದಿರುವ ಸಹೃದಯನಿಗೂ ಒಂದು ಪಾಲಿದೆ. ಇದೇ ಮಾತು ಸಂಗ್ರಾಹಕನಿಗೂ ಸಲ್ಲುತ್ತದೆ. ಮುನ್ನೂರೇ ಪ್ರತಿಗಳೆಂದು ಪ್ರಕಟವಾದ ತಟ್ಟೆಯನ್ನು ಹೊದಿಕೆ ಬಿಚ್ಚದೆ ಬೆಲೆಯೇರಲೆಂದು ಕಪಾಟಿನಲ್ಲಿ ಬಚ್ಚಿಡುವವನು ಆ ಸಂಗೀತವನ್ನು ರಕ್ಷಿಸಿದವನಲ್ಲ, ಬಂಧಿಸಿದವನು. ಪ್ರತಿಯನ್ನು ಹೊಂದಿರುವವನು ಅದರ ಧರ್ಮದರ್ಶಿಯೇ ಹೊರತು ದೊರೆಯಲ್ಲ. ಇಂದು ಅಂತರ್ಜಾಲದ ಮೂಲಕ ಹರಿದುಬರುವ ಚಿತ್ರಗಳು ಈ ಚಿಂತೆಯನ್ನು ನೀಗಿದುವೆಂದು ಭಾವಿಸುವವರಿದ್ದಾರೆ. ಆದರೆ ಅಲ್ಲಿ ನಮಗೆ ದೊರೆಯುವುದು ನೋಡುವ ಅನುಮತಿಯೇ ಹೊರತು ವಸ್ತುವಲ್ಲ, ಮತ್ತು ಅನುಮತಿಯನ್ನು ಕೊಟ್ಟವರು ಹಿಂತೆಗೆದುಕೊಳ್ಳಲೂ ಬಲ್ಲರು.

ಇವೆಲ್ಲ ದೂರದೇಶದ ಸಂಗತಿಗಳೆಂದು ಕನ್ನಡಿಗರು ಪಕ್ಕಕ್ಕಿಡುವಂತಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಚಿತ್ರಗಳ ಪ್ರತಿಗಳು ಚಿತ್ರಮಂದಿರಗಳ ನಡುವೆ ಮಾತ್ರ ತಿರುಗುತ್ತಿದ್ದುವು. ಮನೆಯಲ್ಲಿ ಪ್ರತಿಯನ್ನು ಇರಿಸಿಕೊಳ್ಳುವ ಉಪಾಯವು ಪ್ರೇಕ್ಷಕನಿಗೆ ಇರಲಿಲ್ಲ. ಆದಕಾರಣ ಅದನ್ನು ಮೆಚ್ಚಿದವರ ಮೆಚ್ಚುಗೆಯು ಅದನ್ನು ಉಳಿಸಲು ಅಶಕ್ತವಾಯಿತು. ಇದಕ್ಕೆ ಪ್ರತಿಯಾಗಿ, ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವು ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದು ಸಾಧ್ಯವಾದದ್ದು, ಯಾರೋ ಅದನ್ನು ಕಾಪಾಡಿಕೊಂಡು ಬಂದಿದ್ದರಿಂದ.

ಬಹುಜನರ ಮೆಚ್ಚುಗೆಯು ಕೃತಿಯೊಂದರ ಭಾಗ್ಯವನ್ನು ಹೇಳೀತು, ಯೋಗ್ಯತೆಯನ್ನು ಹೇಳಲಾರದು. ಯೋಗ್ಯತೆಯು ತಿಳಿಯಬೇಕಾದರೆ ಕೃತಿ ಇರಬೇಕು, ಅದಕ್ಕೆ ಮರಳಿ ಹೋಗುವ ತಾಳ್ಮೆಯುಳ್ಳವರೂ ಇರಬೇಕು. ಆದುದರಿಂದ ಯಾರ ಮನೆಯಲ್ಲಿ ಈಗ ಅಂಗಡಿಯಲ್ಲಿ ದೊರೆಯದ ತಟ್ಟೆಯೋ ಕ್ಯಾಸೆಟ್ಟೋ ಡಿವಿಡಿಯೋ ಇದೆಯೋ ಅವರು ಅದನ್ನು ಕಸಕ್ಕೆ ಹಾಕದಿರಲಿ, ಬೀಗದೊಳಗೂ ಇಡದಿರಲಿ, ಆಸಕ್ತರಿಗೆ ಕೇಳಿಸಲಿ, ತೋರಿಸಲಿ. ಮೊದಲ ಸಾರಿ ಅರ್ಥವಾಗದುದನ್ನು ಎರಡನೆಯ ಸಾರಿ ಕೇಳದೆ ತಳ್ಳಿಹಾಕುವುದು ವಿಮರ್ಶೆಯೆನಿಸದು; ಅದು ವಿಚಾರಣೆಯಿಲ್ಲದೆ ವಿಧಿಸಿದ ಶಿಕ್ಷೆ.